ಮನೆಯ ಜಾಲಕ್ಕೆ ಎಂತಹ ತಂತಿ ಬೇಕು?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ — ೨೦೨೧ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಯ ಈ ಐದು ತಾಲ್ಲೂಕುಗಳಲ್ಲಿ ಗಾಜಿನ ಎಳೆಯ ಮೂಲಕ ಅಂತರಜಾಲವು ಮನೆಬಾಗಿಲಿಗೆ ಬರತೊಡಗಿದೆ. ಗ್ರಾಮ ಪಂಚಾಯತಿಗಳಿಗೆ ಈ ಎಳೆಯನ್ನು ಮುಟ್ಟಿಸುವ ಕೇಂದ್ರ ಸರ್ಕಾರದ ಯೋಜನೆಗೆ ೨೦೧೧ರಲ್ಲಿ ಒಪ್ಪಿಗೆ ದೊರೆಯಿತು. ಭಾರತ್‌ನೆಟ್ ಎಂಬ ಹೆಸರು ಅನಂತರ ಬಂದುದು. ನೂರಾರು ಕಿಲೋಮೀಟರು ಬೆಳಕಾಗಿ ಓಡಿಬಂದ ಸಂಕೇತವು ನಡುಮನೆಯ ಪೆಟ್ಟಿಗೆಯಲ್ಲಿ ವಿದ್ಯುತ್ತಾಗಿ ಮಾರ್ಪಡುವುದು. ಅಲ್ಲಿಂದ ಓದುವ ಕೋಣೆಯವರೆಗಿನ ಕೊನೆಯ ಹತ್ತು-ಹದಿನೈದು ಮೀಟರುಗಳಲ್ಲಿ ಅದು ಮುಗ್ಗರಿಸುವುದನ್ನು ನಾವು ಹಲವು ಮನೆಗಳಲ್ಲಿ ಕಂಡಿದ್ದೇವೆ.

ನಿಸ್ತಂತು ಸಂಪರ್ಕವಿರುವಾಗ ತಂತಿಯೇಕೆ ಎಂದು ಕೇಳಬಹುದು. ನಮ್ಮ ಸೀಮೆಯ ಹಳೆಯ ಮಾಳಿಗೆಮನೆಗಳ ಗೋಡೆಗಳು ಕಲ್ಲುಮಣ್ಣಿನವು, ದಪ್ಪನೆಯವು. ಬಿಸಿಲನ್ನು ತಡೆಯುವ ಗೋಡೆಯೇ ರೇಡಿಯೋ ಅಲೆಗಳನ್ನೂ ಹೀರಿಕೊಳ್ಳುವುದು. ವೇಗವಾದ ೫ ಗಿಗಾಹರ್ಟ್ಸ್ ಅಲೆಗಳು ಇಂತಹ ಎರಡು ಗೋಡೆಗಳನ್ನು ದಾಟುವಷ್ಟರಲ್ಲಿ ತೀರ ಸೊರಗುವುವು. ಪರೀಕ್ಷೆಯ ಅರ್ಜಿ ತುಂಬುವ ಕೊನೆಯ ದಿನ ಹಿಂಕೋಣೆಯಲ್ಲಿ ಕುಳಿತ ವಿದ್ಯಾರ್ಥಿಗೆ ಈ ಸೊರಗುವಿಕೆಯ ಬೆಲೆ ಏನೆಂಬುದನ್ನು ಹೇಳಬೇಕಾಗಿಲ್ಲ. ಅಲ್ಲಿಗೆ ಒಂದೇ ಒಂದು ಈಥರ್‌ನೆಟ್ ಕೇಬಲ್ ಎಳೆದರೆ ತೊಂದರೆ ನೀಗುವುದು.

ಆದರೆ ಎಂತಹ ಕೇಬಲ್? ಅಂಗಡಿಯಲ್ಲಿ ಕ್ಯಾಟ್ ೫ಇ, ೬, ೬ಎ, ೭, ೮ ಎಂಬ ಅಂಕೆಗಳ ಸಾಲೇ ಇದೆ. ಉಳ್ಳವರು ಅತಿ ದೊಡ್ಡ ಅಂಕೆಯನ್ನು ಕೊಳ್ಳುವರು. ಉಳಿದವರು ಅತಿ ಅಗ್ಗವಾದುದನ್ನು ಕೊಳ್ಳುವರು. ಎರಡೂ ತಪ್ಪೆಂದು ನಮ್ಮ ಅಭಿಪ್ರಾಯ. ಮನೆಯ ಮಟ್ಟಿಗೆ ಕೇಬಲ್ಲಿನ ಅಂಕೆಗಿಂತ ಅದರೊಳಗಿನ ಲೋಹವು ಮುಖ್ಯ.

ಮೊದಲು ಅಂಕೆಯ ಅರ್ಥವನ್ನು ನೋಡೋಣ. ಕೇಬಲ್ಲಿನಲ್ಲಿ ಎಂಟು ತಂತಿಗಳು ನಾಲ್ಕು ಜೋಡಿಗಳಾಗಿ ತಿರುಚಿಕೊಂಡಿರುತ್ತವೆ. ಈ ಉಪಾಯಕ್ಕೆ ಅಲೆಕ್ಸಾಂಡರ್ ಗ್ರಹಾಂ ಬೆಲ್ ೧೮೮೧ರಲ್ಲೇ ಪೇಟೆಂಟ್ ಪಡೆದಿದ್ದನು. ಜೋಡಿಯ ಎರಡು ತಂತಿಗಳಲ್ಲಿ ಸಂಕೇತವು ಪರಸ್ಪರ ವಿರುದ್ಧವಾಗಿ ಸಾಗುವುದು. ಹೊರಗಿನ ಗದ್ದಲವಾದರೋ ಎರಡರಲ್ಲೂ ಸಮನಾಗಿ ಸೇರುವುದು. ಕೊನೆಯಲ್ಲಿ ಒಂದರಿಂದ ಇನ್ನೊಂದನ್ನು ಕಳೆದರೆ ಗದ್ದಲವು ಅಳಿದು ಸಂಕೇತವು ಉಳಿಯುವುದು. ತಿರುಚು ಬಿಗಿಯಾಗಿಯೂ ಕ್ರಮವಾಗಿಯೂ ಇದ್ದಷ್ಟು ಹೆಚ್ಚಿನ ಆವೃತ್ತಿಯನ್ನು ಕೇಬಲ್ ತಾಳಬಲ್ಲುದು. ಕ್ಯಾಟ್ ೫ಇಗೆ ೧೦೦ ಮೆಗಾಹರ್ಟ್ಸ್, ೬ಕ್ಕೆ ೨೫೦, ೬ಎಗೆ ೫೦೦, ೮ಕ್ಕೆ ೨೦೦೦ ಎಂದು ಮಿತಿ ಗೊತ್ತುಮಾಡಿದೆ.

ಕ್ಯಾಟ್ ೫ಇ ಕೇಬಲ್ಲು ಸೆಕೆಂಡಿಗೆ ೧೦೦೦ ಮೆಗಾಬಿಟ್‌ಗಳನ್ನು ೧೦೦ ಮೀಟರು ದೂರ ಒಯ್ಯಬಲ್ಲುದು. ೧೦೦ ಅಥವಾ ೨೦೦ ಮೆಗಾಬಿಟ್ಟಿನ ಸಂಪರ್ಕವಿರುವ ಮನೆಗೆ ಇದು ಧಾರಾಳ. ಕ್ಯಾಟ್ ೬ ಇದರ ಹತ್ತರಷ್ಟು ವೇಗವನ್ನು ಸುಮಾರು ೫೫ ಮೀಟರಿನವರೆಗೆ ತಾಳುವುದು. ಹೊಸ ಮನೆ ಕಟ್ಟಿಸುವವರು ಗೋಡೆಯೊಳಗೆ ಹುದುಗಿಸಲು ಇದನ್ನು ಆರಿಸಿಕೊಳ್ಳಲಿ, ಮುಂದೆ ಬದಲಿಸಲು ಬರುವಂತೆ ಕೊಳವೆಯಲ್ಲಿ ಹಾಯಿಸಲಿ. ಕ್ಯಾಟ್ ೭ರ ಮೂಲ ನಿಯಮವನ್ನು ನಮ್ಮ ಪೆಟ್ಟಿಗೆಗಳಲ್ಲಿರುವ ಆರ್‌ಜೆ-೪೫ ಕೊಂಡಿಗಾಗಿ ಬರೆದದ್ದೇ ಅಲ್ಲ. ಕ್ಯಾಟ್ ೮ ದೊಡ್ಡ ಗಣಕಕೇಂದ್ರಗಳ ೩೦ ಮೀಟರೊಳಗಿನ ಕೆಲಸಕ್ಕೆ ಸೇರಿದುದು. ಎತ್ತಿನ ಬಂಡಿಗೆ ರೈಲಿನ ಗಾಲಿ ತೊಡಿಸಿದರೆ ಎತ್ತು ಬೇಗ ನಡೆಯಲಾರದು.

ಇನ್ನು ಅಗ್ಗದ ಕೇಬಲ್ಲಿನ ವಿಚಾರ. ಇವುಗಳಲ್ಲಿ ಹಲವು ತಾಮ್ರದವಲ್ಲ. ಅಲ್ಯೂಮಿನಿಯಂ ತಂತಿಗೆ ತಾಮ್ರದ ತೆಳುವಾದ ಹೊದಿಕೆ ಕೊಟ್ಟವು. ಸಿ.ಸಿ.ಎ. ಎಂಬ ಮೂರಕ್ಷರವು ಇದರ ಗುರುತು. ಅದನ್ನು ಅಚ್ಚುಹಾಕದೆ ಮಾರುವವರೂ ಉಂಟು. ಕೇಬಲ್ಲಿನ ವರ್ಗಗಳನ್ನು ನಿಗದಿಮಾಡಿದ ನಿಯಮಗಳು ತಾಮ್ರದ ತಂತಿಯನ್ನೇ ಬೇಡುತ್ತವೆಯಾದ್ದರಿಂದ, ಹೊದಿಕೆಯ ತಂತಿಯನ್ನು ‘ಕ್ಯಾಟ್ ೬’ ಎಂದು ಕರೆಯುವುದೇ ಸಲ್ಲದು.

ಇದನ್ನು ಮಾರುವವರ ವಾದದಲ್ಲಿ ಅರ್ಧ ಸತ್ಯವಿದೆ. ಅದನ್ನು ಒಪ್ಪಿಕೊಂಡೇ ಉತ್ತರಿಸಬೇಕು. ಆವೃತ್ತಿ ಹೆಚ್ಚಿದಂತೆ ವಿದ್ಯುತ್ಪ್ರವಾಹವು ತಂತಿಯ ಮೇಲ್ಮೈಗೆ ಸರಿಯುವುದು. ೧೦೦ ಮೆಗಾಹರ್ಟ್ಸ್‌ನಲ್ಲಿ ಅದರ ಬಹುಪಾಲು ಮಿಲಿಮೀಟರಿನ ಸುಮಾರು ೧೫೦ನೆಯ ಒಂದು ಭಾಗದಷ್ಟು ಆಳದಲ್ಲಿಯೇ ಹರಿಯುವುದು. ಹಾಗಾದರೆ ಒಳಗೆ ಅಲ್ಯೂಮಿನಿಯಂ ಇದ್ದರೇನು ಎಂದು ಅವರ ಪ್ರಶ್ನೆ. ಆದರೆ ಸಂಕೇತದಲ್ಲಿ ಕೆಳಗಿನ ಆವೃತ್ತಿಗಳೂ ಇರುತ್ತವೆ. ಅವು ತಂತಿಯ ಒಳಭಾಗವನ್ನೂ ಬಳಸುವುವು. ಬಾಗಿಲ ಮೇಲಿನ ಕ್ಯಾಮೆರಾಕ್ಕೆ ಇದೇ ಕೇಬಲ್ಲಿನಿಂದ ವಿದ್ಯುತ್ತನ್ನು ಕೊಟ್ಟರಂತೂ ಆ ನೇರಪ್ರವಾಹವು ಇಡೀ ತಂತಿಯಲ್ಲಿ ಹರಿಯುವುದು. ಹೆಚ್ಚಿದ ರೋಧವೆಲ್ಲ ಶಾಖವಾಗುವುದು. ಅಲ್ಯೂಮಿನಿಯಂ ಬಾಗಿಸಿದಾಗ ಬೇಗ ಮುರಿಯುವ ಲೋಹ. ಕೊಂಡಿಯ ಅಲಗು ಹೊದಿಕೆಯನ್ನು ಸೀಳಿದ ಕಡೆ ಅದು ಗಾಳಿಗೆ ಆಕ್ಸೈಡಿನ ಪೊರೆಯನ್ನು ಕಟ್ಟಿಕೊಳ್ಳುವುದು. ಆ ಪೊರೆಯು ವಿದ್ಯುತ್ತಿಗೆ ಅಡ್ಡಿ.

ಈ ತಪ್ಪನ್ನು ನಾವೂ ಮಾಡಿದ್ದೇವೆ. ಅಗ್ಗವೆಂದು ತಂದು ಮಾಳಿಗೆಯ ಮೇಲೆ ಹಾಯಿಸಿದ ಕೇಬಲ್ಲು ಒಂದು ಬೇಸಗೆಯನ್ನು ಕಳೆಯುವಷ್ಟರಲ್ಲಿ ೧೦೦೦ದಿಂದ ೧೦೦ ಮೆಗಾಬಿಟ್ಟಿಗೆ ಇಳಿಯಿತು. ಸಾವಿರಕ್ಕೆ ನಾಲ್ಕು ಜೋಡಿಗಳೂ ಬೇಕು, ನೂರಕ್ಕೆ ಎರಡೇ ಸಾಕು. ಆದುದರಿಂದ ಎಲ್ಲೋ ಒಂದು ತಂತಿ ತುಂಡಾಗಿದೆಯೆಂದು ಊಹಿಸಿದೆವು. ಕತ್ತರಿಸಿ ಬ್ಲೇಡಿನಿಂದ ಕೆರೆದಾಗ ಕೆಂಪು ಹೊದಿಕೆಯಡಿ ಬೆಳ್ಳನೆಯ ಲೋಹವು ಕಂಡಿತು. ಭೌತಶಾಸ್ತ್ರವನ್ನು ಬೋಧಿಸುವವರು ಮೊದಲೇ ಕೆರೆದು ನೋಡಬೇಕಾಗಿತ್ತು. ಎರಡನೆಯ ಸಲ ಕೊಂಡ ತಾಮ್ರದ ಬೆಲೆಯನ್ನು ಕೂಡಿಸಿದಾಗ ಅಗ್ಗವು ಅಗ್ಗವಾಗಿ ಉಳಿಯಲಿಲ್ಲ.

ನಮ್ಮ ಬಿಸಿಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ತಂತಿಯ ಉಷ್ಣತೆಯು ೨೦ ಡಿಗ್ರಿಯಿಂದ ೪೫ ಡಿಗ್ರಿಗೆ ಏರಿದರೆ ತಾಮ್ರದ ರೋಧವೇ ಸುಮಾರು ನೂರಕ್ಕೆ ಹತ್ತರಷ್ಟು ಹೆಚ್ಚುವುದು. ಏಪ್ರಿಲಿನಲ್ಲಿ ತಗಡಿನ ಸೂರಿನಡಿ ಹಾಯ್ದ ಕೇಬಲ್ಲಿಗೆ ಈ ಉಷ್ಣತೆ ಅಪರೂಪವಲ್ಲ. ಮೊದಲೇ ಹೆಚ್ಚು ರೋಧವುಳ್ಳ ತಂತಿಗೆ ಈ ಏರಿಕೆಯೂ ಸೇರಿದರೆ ಉಳಿಯುವ ಅವಕಾಶ ಕಡಿಮೆ.

ವಿದ್ಯಾರ್ಥಿಗಳು ನಮ್ಮ ಮಾತನ್ನು ಸುಮ್ಮನೆ ನಂಬಬೇಕಾಗಿಲ್ಲ. ಅಯಸ್ಕಾಂತವು ಇಲ್ಲಿ ನೆರವಾಗದು; ಅದು ತಾಮ್ರವನ್ನೂ ಸೆಳೆಯದು, ಅಲ್ಯೂಮಿನಿಯಮನ್ನೂ ಸೆಳೆಯದು. ಪದವಿಪೂರ್ವ ಕಾಲೇಜಿನ ಪ್ರಯೋಗಾಲಯದಲ್ಲಿ ಮೀಟರ್ ಬ್ರಿಡ್ಜ್ ಇದೆ, ಸ್ಕ್ರೂ ಗೇಜ್ ಇದೆ, ಅವೇ ಸಾಕು. ಹತ್ತು ಮೀಟರು ಕೇಬಲ್ಲಿನ ಎಂಟು ತಂತಿಗಳನ್ನು ತುದಿಗೆ ತುದಿ ಜೋಡಿಸಿದರೆ ೮೦ ಮೀಟರು ಉದ್ದದ ಒಂದೇ ತಂತಿಯಾಗುವುದು. ಸ್ಕ್ರೂ ಗೇಜಿನಿಂದ ಅಳೆದ ವ್ಯಾಸವು ಅರ್ಧ ಮಿಲಿಮೀಟರು ಇದ್ದರೆ, ಅಪ್ಪಟ ತಾಮ್ರದ ರೋಧವು ಸುಮಾರು ೭ ಓಂ ಆಗಬೇಕು. ಹತ್ತಕ್ಕೂ ಮೇಲೆ ಬಂದಲ್ಲಿ ಒಳಗಿರುವುದು ಅಲ್ಯೂಮಿನಿಯಂ. ವ್ಯಾಸವು ಬೇರೆಯಾಗಿದ್ದರೆ ರೋಧಶೀಲತೆಯನ್ನು ಲೆಕ್ಕಹಾಕಿ ನೋಡಲಿ. ಯಾವುದೋ ಪೆಟ್ಟಿಗೆಯ ತಂತಿಯನ್ನು ಅಳೆದು ದಾಖಲೆ ಪುಸ್ತಕದಲ್ಲಿ ಬರೆಯುವುದಕ್ಕಿಂತ, ತಂದೆ ದುಡ್ಡು ಕೊಟ್ಟು ತಂದ ತಂತಿಯನ್ನು ಅಳೆಯುವುದು ಹೆಚ್ಚು ಸಾರ್ಥಕವಲ್ಲವೇ?

ಹಾಕುವಾಗಲೂ ಎಚ್ಚರ ಬೇಕು. ಕೊಂಡಿಯ ಬಳಿ ಜೋಡಿಗಳ ತಿರುಚನ್ನು ೧೩ ಮಿಲಿಮೀಟರಿಗಿಂತ ಹೆಚ್ಚು ಬಿಚ್ಚಬಾರದು. ಮನೆಯ ವಿದ್ಯುತ್ ತಂತಿಗೆ ಒತ್ತಿ ಎಳೆಯಬಾರದು. ಬಿಸಿಲಿಗೆ ಬೀಳುವ ಕಡೆ ಹೊರಾಂಗಣಕ್ಕೆಂದೇ ತಯಾರಿಸಿದ ಕಪ್ಪು ಹೊದಿಕೆಯ ಕೇಬಲ್ಲನ್ನೇ ಬಳಸಬೇಕು. ಒಂದು ಮನೆಯಿಂದ ಇನ್ನೊಂದಕ್ಕೆ ಲೋಹದ ತಂತಿಯನ್ನು ಎಳೆಯಲೇಬಾರದು. ಮುಂಗಾರಿಗೆ ಮುಂಚಿನ ಸಿಡಿಲಿಗೆ ಅದು ಮನೆಯೊಳಗಿನ ದಾರಿಯಾದೀತು. ಅಲ್ಲಿ ಗಾಜಿನ ಎಳೆಯೇ ತಕ್ಕದ್ದು. ಗಾಜಿನಲ್ಲಿ ವಿದ್ಯುತ್ತು ಹರಿಯದು.

ಒಟ್ಟಿನಲ್ಲಿ ನಮ್ಮ ಸಲಹೆ ಇಷ್ಟು: ಅಪ್ಪಟ ತಾಮ್ರದ ಕ್ಯಾಟ್ ೫ಇ, ಗೋಡೆಯೊಳಗಾದರೆ ಕ್ಯಾಟ್ ೬. ಅಂಗಡಿಯಲ್ಲಿ ‘ತಾಮ್ರದ್ದೇ?’ ಎಂದು ಕೇಳಿ, ಒಂದು ಗೇಣು ತುಂಡನ್ನು ಪಡೆದು, ಕೆರೆದು ನೋಡಿ, ಅನಂತರ ಕೊಳ್ಳಿರಿ. ಕೊಳ್ಳುವವರು ಕೇಳತೊಡಗಿದರೆ ಮಾರುವವರು ತಾಮ್ರವನ್ನೇ ತರಿಸುವರು. ಆ ಪ್ರಶ್ನೆಯನ್ನು ಊರಿನಲ್ಲಿ ಮೊದಲು ಕೇಳಬೇಕಾದವರು ವಿಜ್ಞಾನ ಓದುವ ಮಕ್ಕಳು.