ಗೇಣುದ್ದದ ಮರುತ್

ಯುದ್ಧವಿಮಾನದ ಪ್ರತಿಕೃತಿಯನ್ನು ಜೋಡಿಸಿ ಬಣ್ಣ ಬಳಿಯುವ ಹವ್ಯಾಸವು ಶಾಲೆಯ ಮಕ್ಕಳಿಗೆ ತಕ್ಕುದಲ್ಲವೆಂದು ಹಿರಿಯರಲ್ಲಿ ಕೆಲವರು ಆಕ್ಷೇಪಿಸುವುದುಂಟು. ಅದು ಬರಿಯ ಆಟಿಕೆ, ಕಾಲಹರಣವೆಂಬುದು ಒಂದು ಆಕ್ಷೇಪ. ಅಹಿಂಸೆಯನ್ನು ಬೋಧಿಸುವ ಶಾಲೆಯಲ್ಲಿ ಕೊಲ್ಲುವ ಯಂತ್ರವೇಕೆಂಬುದು ಇನ್ನೊಂದು. ಎರಡನೆಯದು ಗುರುತರವಾದ ಪ್ರಶ್ನೆ. ಆದರೂ ನಮ್ಮ ಕೈಗೆಲಸದ ತರಗತಿಯಲ್ಲಿ ಇದಕ್ಕೆ ಎಡೆಯಿರಬೇಕೆಂದೇ ನನ್ನ ಅಭಿಪ್ರಾಯ.

ಮರುತ್ ವಿಮಾನವನ್ನೇ ತೆಗೆದುಕೊಳ್ಳೋಣ. ಜರ್ಮನಿಯ ವಿನ್ಯಾಸಕಾರ ಕುರ್ಟ್ ಟಾಂಕ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯಲ್ಲಿ ರೂಪುಗೊಂಡು, 1961ರ ಜೂನ್ 17ರಂದು ಮೊದಲ ಬಾರಿಗೆ ಹಾರಿದ ಜೆಟ್ ವಿಮಾನವಿದು. ಅದಕ್ಕೂ ಮುನ್ನ ಅಲ್ಲಿನ ಎಂಜಿನಿಯರುಗಳು ಮಾಡಿದ್ದೇನು? ಪೂರ್ಣಗಾತ್ರದ ಮರದ ಮಾದರಿ! ಎಂಜಿನ್ನಿಲ್ಲದ ಆ ಮಾದರಿಯನ್ನು 1959ರಲ್ಲಿ ಡಕೋಟಾ ವಿಮಾನದ ಹಿಂದೆ ಕಟ್ಟಿ, ಆಕಾಶಕ್ಕೆ ಎಳೆದೊಯ್ದು ಪರೀಕ್ಷಿಸಿದರು. ಮಾದರಿ ಮಾಡುವುದು ಮಕ್ಕಳಾಟವೆನ್ನುವವರಿಗೆ ಬೇರೆ ಉತ್ತರ ಬೇಕಿಲ್ಲ.

72ರಲ್ಲಿ ಒಂದು ಪಾಲಿನ ಅಳತೆಯಲ್ಲಿ, 15.87 ಮೀಟರ್ ಉದ್ದದ ಮರುತ್ 22 ಸೆಂಟಿಮೀಟರಿಗೆ, ಎಂದರೆ ಸುಮಾರು ಒಂದು ಗೇಣಿಗೆ ಇಳಿಯುತ್ತದೆ. ರೆಕ್ಕೆಯ ಹರಹು ಹನ್ನೆರಡೂವರೆ ಸೆಂಟಿಮೀಟರ್. ಈ ಗಾತ್ರದಲ್ಲಿ ಕೂದಲೆಳೆಯಷ್ಟು ಓರೆಯಾದರೂ ಕಣ್ಣಿಗೆ ಬೀಳುತ್ತದೆ. ಪೆಟ್ಟಿಗೆಯಲ್ಲಿ ಬರುವ ಪ್ಲಾಸ್ಟಿಕ್ ಭಾಗಗಳಾಗಲಿ, ಕೈಯಾರೆ ಕೊರೆದ ಮೆದುಮರವಾಗಲಿ, ಅಂಟಿಸಿದ ಸಂದಿಗೆ ಪುಟ್ಟಿ ತುಂಬಿ ಉಪ್ಪುಕಾಗದದಿಂದ ಉಜ್ಜಬೇಕು. ರೆಕ್ಕೆ ಕೂಡುವೆಡೆಯಲ್ಲಿ ಒಡಲು ಸೊಂಟದಂತೆ ಸಣ್ಣಗಾಗಿದೆಯೆಂಬುದು ಹಾಗೆ ಉಜ್ಜುವಾಗಲೇ ಬೆರಳಿಗೆ ತಿಳಿಯುವುದು. ಶಬ್ದದ ವೇಗವನ್ನು ಸಮೀಪಿಸಿದಾಗ ಗಾಳಿಯ ತಡೆ ತಗ್ಗಲೆಂದು ಆ ಆಕಾರ. ಹತ್ತು ಸಲ ಓದಿದರೂ ಇದು ಇಷ್ಟು ಚೆನ್ನಾಗಿ ಮನಸ್ಸಿಗೆ ಹತ್ತದು. ಬಣ್ಣದಲ್ಲಂತೂ ಅವಸರ ಸಲ್ಲದು. ಪ್ಲಾಸ್ಟಿಕ್ಕಾದರೆ ಮೊದಲು ಸೋಪಿನ ನೀರಿನಲ್ಲಿ ತೊಳೆದು ಜಿಡ್ಡು ತೆಗೆಯಬೇಕು. ಒಂದು ದಪ್ಪ ಲೇಪಕ್ಕಿಂತ ಮೂರು ತೆಳುಲೇಪಗಳು ಮೇಲು. ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸುರು ಇರುವ ವಾಯುಪಡೆಯ ವೃತ್ತಚಿಹ್ನೆ ಕಟ್ಟಕಡೆಯದು.

ಇನ್ನು ಆ ಗುರುತರ ಪ್ರಶ್ನೆ. ಚಾಲಕನ ಆಸನವು ಈ ಅಳತೆಯಲ್ಲಿ ಒಂದು ಶೇಂಗಾಬೀಜದಷ್ಟಾಗುತ್ತದೆ. ಅದಕ್ಕೆ ಬಣ್ಣ ಬಳಿಯುವ ಮಗುವು ಅಲ್ಲಿ ಮನುಷ್ಯನೊಬ್ಬನು ಕುಳಿತಿದ್ದನೆಂಬುದನ್ನು ಮರೆಯಲಾರದು. ಮರುತ್ತನ್ನು ಮೊದಲು ಹಾರಿಸಿದ ಸುರಂಜನ್ ದಾಸ್ ಅವರು 1970ರ ಜನವರಿ 10ರಂದು ಅದೇ ಬಗೆಯ ವಿಮಾನವನ್ನು ಪರೀಕ್ಷಿಸುತ್ತ ಬೆಂಗಳೂರಿನಲ್ಲಿಯೇ ಮಡಿದರು. ಶಬ್ದದ ಎರಡು ಪಟ್ಟು ವೇಗಕ್ಕೆಂದು ರೂಪಿಸಿದ ವಿಮಾನಕ್ಕೆ ತಕ್ಕ ಎಂಜಿನ್ ದೊರೆಯಲೇ ಇಲ್ಲ. ಆದರೂ 1971ರ ಯುದ್ಧದಲ್ಲಿ ಅದು ಸೇವೆ ಸಲ್ಲಿಸಿತು. ಇವೆಲ್ಲ ಅಂಟು ಒಣಗುವಷ್ಟರಲ್ಲಿ ಉಪಾಧ್ಯಾಯರು ಹೇಳಬಹುದಾದ ಸಂಗತಿಗಳು. ಪರದೆಯ ಮೇಲಿನ ಆಟದಲ್ಲಿಯಾದರೋ, ಉರಿದು ಬಿದ್ದ ವಿಮಾನವು ಗುಂಡಿಯೊತ್ತಿದೊಡನೆ ಮತ್ತೆ ಏಳುತ್ತದೆ. ಯುದ್ಧವನ್ನು ಹಗುರಮಾಡುವುದು ಅದೇ ಹೊರತು ಇದಲ್ಲ. ಆಕ್ಷೇಪಿಸುವ ಹಿರಿಯರು ಅದನ್ನು ಮನೆಯಲ್ಲಿ ತಡೆಯುವುದಿಲ್ಲವೆಂಬುದೇ ವಿಚಿತ್ರ.

ಮುಂಬಯಿಯ ನಮಗೆ ಒಂದು ಅನುಕೂಲವಿದೆ. ವರ್ಲಿಯ ನೆಹರು ವಿಜ್ಞಾನ ಕೇಂದ್ರದಲ್ಲಿ ನಿಜವಾದ ಮರುತ್ತನ್ನೇ ಪ್ರದರ್ಶನಕ್ಕಿಟ್ಟಿದ್ದಾರೆ. ಕತ್ತರಿ ಹಿಡಿಯುವ ಮೊದಲು ನಮ್ಮ ವಿದ್ಯಾರ್ಥಿಗಳು ಪೆನ್ಸಿಲು, ಕಾಗದಗಳೊಡನೆ ಅಲ್ಲಿಗೆ ಹೋಗಿ ಅದರ ಸುತ್ತ ನಡೆದು ನೋಡಿ ಬರಲಿ. ಖರ್ಚಿಗೆ ಅಂಜುವ ಪಾಲಕರಿಗೆ ಒಂದು ಮಾತು: ನಾಲ್ವರಿಗೆ ಒಂದು ವಿಮಾನ ಸಾಕು.