ಹೋರಿಗಳೆರಡು, ಹಗ್ಗ ಯಾರ ಕೈಯಲ್ಲಿ?

ಪಡಿತರಕ್ಕೆ ನಿಂತ ತಾಯಿಗೆ, ಭವಿಷ್ಯನಿಧಿ ಕೇಳಹೋದ ಗಿರಣಿ ಕೆಲಸಗಾರನಿಗೆ, ಜಿಎಸ್‌ಟಿ ಲೆಕ್ಕ ಒಪ್ಪಿಸುವ ಕಿರಾಣಿ ವ್ಯಾಪಾರಿಗೆ ಇಂದು ಸಿಗುವ ಉತ್ತರ ಒಂದೇ: 'ಸರ್ವರ್ ಇಲ್ಲ, ನಾಳೆ ಬನ್ನಿ.'

ಸರ್ವರ್ ಎಂಬುದು ದೇವರಲ್ಲ. ಎಲ್ಲಿಯೋ ಒಂದು ಕೋಣೆಯಲ್ಲಿರುವ ಯಂತ್ರ. ಅದರ ಮಿದುಳಾದ ಪ್ರೊಸೆಸರನ್ನು ಬಹುಮಟ್ಟಿಗೆ ಮಾರುವವರು ಇಂಟೆಲ್, ಎಎಂಡಿ ಎಂಬ ಎರಡು ಅಮೆರಿಕನ್ ಕಂಪನಿಗಳು.

ಪೈಪೋಟಿಯಿಂದ ಗಿರಾಕಿಗೆ ಲಾಭವೆಂದು ಬಂಡವಾಳಶಾಹಿಯ ಪಂಡಿತರು ಹೇಳುತ್ತಾರೆ. ಮಾತು ಅರ್ಧ ನಿಜ. ಕೋರ್ ಎಂದರೆ ಚಿಪ್ಪಿನೊಳಗಿನ ಒಂದು ಮಗ್ಗವೆಂದು ತಿಳಿಯಿರಿ. 2017ರಲ್ಲಿ ಇಂಟೆಲಿನ ದೊಡ್ಡ ಜಿಯಾನಿನಲ್ಲಿ 28 ಮಗ್ಗಗಳಿದ್ದರೆ ಎಎಂಡಿಯ ಎಪಿಕ್ 32 ತಂದಿತು. 2019ರಲ್ಲಿ 64ಕ್ಕೆ ಏರಿತು.

ಆದರೆ ಈ ಪೈಪೋಟಿ ಪೇಟೆಯ ಕೃಪೆಯಿಂದ ಹುಟ್ಟಿದ್ದಲ್ಲ. ಒಬ್ಬನೇ ಮಾರಾಟಗಾರನನ್ನು ನಂಬಲಾರೆವೆಂದು ದೊಡ್ಡ ಗಿರಾಕಿಯಾದ ಐಬಿಎಂ ಹಟ ಹಿಡಿದುದರಿಂದ 1982ರಲ್ಲಿ ಇಂಟೆಲ್ ತನ್ನ ಚಿಪ್ಪನ್ನು ತಯಾರಿಸುವ ಹಕ್ಕನ್ನು ಎಎಂಡಿಗೂ ಕೊಡಬೇಕಾಯಿತು. ಪೇಟೆಗೆ ಬಿಟ್ಟಾಗ ಆದದ್ದೇನು? ಎದುರಾಳಿಯನ್ನು ಹೊರಗಿಟ್ಟಿತೆಂದು ಯುರೋಪಿನ ಆಯೋಗ 2009ರಲ್ಲಿ ಇಂಟೆಲಿಗೆ 106 ಕೋಟಿ ಯೂರೋ ದಂಡ ಹಾಕಿತು. 2022ರಲ್ಲಿ ನ್ಯಾಯಾಲಯ ಆ ದಂಡವನ್ನು ರದ್ದುಗೊಳಿಸಿತಾದರೂ, ಎಎಂಡಿ ಚಿಪ್ಪಿನ ಗಣಕಗಳನ್ನು ತಡೆಯಲು ತಯಾರಕರಿಗೆ ಹಣ ಕೊಟ್ಟಿತೆಂಬ ತೀರ್ಮಾನ ಉಳಿಯಿತು.

ದುಡಿಯುವವರ ಪಾಲೇನು? 2008ರ ಆರು ಕೋರಿನ ಜಿಯಾನ್ ರೂಪುಗೊಂಡದ್ದು ನಮ್ಮ ಬೆಂಗಳೂರಿನಲ್ಲಿ. ಎಎಂಡಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರಲ್ಲಿ ತೆರೆದದ್ದೂ ಅಲ್ಲಿಯೇ. ಬುದ್ಧಿ ನಮ್ಮವರದು, ಒಡೆತನ ಪರರದು. ಓಟದಲ್ಲಿ ಹಿಂದೆ ಬಿದ್ದ ಇಂಟೆಲ್ 2024ರಲ್ಲಿ ಸುಮಾರು 15 ಸಾವಿರ ಮಂದಿಯನ್ನು ಕೆಲಸದಿಂದ ಬಿಡಿಸುವುದಾಗಿ ಸಾರಿತು. ಗೆದ್ದರೆ ಲಾಭ ಷೇರುದಾರನಿಗೆ, ಸೋತರೆ ನಷ್ಟ ನೌಕರನಿಗೆ! ಗಿರಣಿ ಬಾಗಿಲು ಮುಚ್ಚುವುದನ್ನು ಕಂಡ ನಮಗೆ ಈ ಲೆಕ್ಕ ಹೊಸದಲ್ಲ.

ಸರಕಾರವೂ ದೊಡ್ಡ ಗಿರಾಕಿಯೇ. ಐಬಿಎಂ ಹಾಕಿದ ಷರತ್ತನ್ನು ಅದೇಕೆ ಹಾಕಬಾರದು? ಟೆಂಡರಿನಲ್ಲಿ ಒಂದೇ ಕಂಪನಿಯ ಹೆಸರಿರಬಾರದು. ಕೊಟ್ಟ ಬೆಲೆ ಜನರಿಗೆ ತಿಳಿಯಬೇಕು. ಮದ್ರಾಸ್ ಐಐಟಿಯ 'ಶಕ್ತಿ', ಸಿ-ಡ್ಯಾಕಿನ 'ವೇಗಾ' ಇನ್ನೂ ಎಳೆಗರುಗಳು, ದೊಡ್ಡ ಸರ್ವರಿನ ನೊಗ ಹೊರಲಾರವು. ಆದರೆ ಮೇವು ಹಾಕದೆ ಕರು ಎತ್ತಾಗುವುದಿಲ್ಲ. ಮತ್ತು ಯಂತ್ರ ನಿಂತ ದಿನ ಪುಸ್ತಕದಲ್ಲಿ ಬರೆದುಕೊಂಡು ಪಡಿತರ ಕೊಡಬೇಕು. ಹಸಿವು ಸರ್ವರಿಗಾಗಿ ಕಾಯುವುದಿಲ್ಲ.

ಕಾಖಂಡಕಿಯ ಕಾರಹುಣ್ಣಿಮೆಯಲ್ಲಿ ಹೋರಿಗಳ ಓಟ ನೋಡಿ ನಾವು ಕೇಕೆ ಹಾಕುತ್ತೇವೆ. ಅಲ್ಲಿ ಹೋರಿ ನಮ್ಮ ರೈತನದು. ಈ ಓಟದಲ್ಲಿ ಹೋರಿಯೂ ನಮ್ಮದಲ್ಲ, ಹಗ್ಗವೂ ನಮ್ಮದಲ್ಲ. ಕೇಕೆ ಸಾಕು, ಹಗ್ಗಕ್ಕೆ ಕೈ ಹಾಕೋಣ.