ನೀಲಿ ದ್ರಾಕ್ಷಿಯ ಕುಲ

ಬರಗೂರಿನಲ್ಲಿ ಬಸ್ಸಿಳಿದರೆ ತಳ್ಳುಗಾಡಿಯ ಮೇಲೆ ಕಪ್ಪು ದ್ರಾಕ್ಷಿಯ ರಾಶಿ. ಒಂದನ್ನು ತುಟಿಗಿಟ್ಟು ಅದುಮಿದರೆ ತಿರುಳು ಪುಳಕ್ಕನೆ ಬಾಯಿಗೆ ಜಾರುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಬೀಜ ಉಗಿಯಬೇಕು, ಹುಳಿಗೆ ಒಂದು ಕಣ್ಣು ಮುಚ್ಚಬೇಕು. ಇದು ಬೆಂಗಳೂರು ಬ್ಲೂ. 2013ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು.

ಹೆಸರಲ್ಲಿ ಬೆಂಗಳೂರಿದ್ದರೂ ಇದರ ಹುಟ್ಟು ಅಮೆರಿಕದ್ದು. ತಳಿ ಬಲ್ಲವರು ಇದನ್ನು ಇಸಬೆಲ್ಲಾ ಎಂದು ಗುರುತಿಸುತ್ತಾರೆ. ಅದೇ ಇಸಬೆಲ್ಲಾ ಇಟಲಿಗೂ ಹೋಗಿದೆ. ಅಲ್ಲಿ ಅದು ‘ಊವಾ ಫ್ರಾಗೊಲಾ’, ಅಂದರೆ ಸ್ಟ್ರಾಬೆರಿ ದ್ರಾಕ್ಷಿ. ಅಂಗಳದ ಚಪ್ಪರಕ್ಕೆ ಹಬ್ಬಿಸುತ್ತಾರೆ, ಮನೆಮಟ್ಟಿಗೆ ‘ಫ್ರಾಗೊಲೀನೊ’ ಮಾಡಿ ಕುಡಿಯುತ್ತಾರೆ. ಆದರೆ ಅದನ್ನು ವೈನ್ ಎಂದು ಮಾರುವಂತಿಲ್ಲ. ಯುರೋಪಿನ ಕಾನೂನು ಹೆಸರು ಹಿಡಿದು ಪಂಕ್ತಿಯಿಂದ ಎಬ್ಬಿಸಿದ ಆರು ತಳಿಗಳಲ್ಲಿ ಇಸಬೆಲ್ಲಾ ಒಂದು.

ಪಂಕ್ತಿಯಲ್ಲಿ ಕೂತವರು ಯಾರು? ಟಸ್ಕನಿಯ ಸಾಂಜೊವೇಸೆ ಮೊದಲನೆಯದು. ಜೂಪಿಟರ್ ದೇವರ ನೆತ್ತರು ಎಂದು ಆ ಹೆಸರಿಗೆ ಅರ್ಥ ಹೇಳುವುದುಂಟು. ಕಿಯಾಂತಿ ವೈನಿನ ಜೀವ ಇದೇ. ಉತ್ತರದ ಬೆಟ್ಟಗಳಲ್ಲಿ ನೆಬ್ಬಿಯೋಲೊ. ‘ನೆಬ್ಬಿಯಾ’ ಎಂದರೆ ಮಂಜು. ಮಂಜು ಕವಿಯುವ ಅಕ್ಟೋಬರ್ ತನಕ ಬಳ್ಳಿಯಲ್ಲೇ ಕಾದು ಹಣ್ಣಾಗಿ ಅದು ಬರೋಲೊ ವೈನ್ ಆಗುತ್ತದೆ. ಮೊಂತೆಪುಲ್ಚಾನೊ ಎಂಬ ದ್ರಾಕ್ಷಿಯಿದೆ, ಮೊಂತೆಪುಲ್ಚಾನೊ ಎಂಬ ಊರೂ ಇದೆ. ತಮಾಷೆಯೆಂದರೆ ಆ ಊರಿನ ಹೆಸರಾಂತ ವೈನ್ ಆಗುವುದು ಮುಖ್ಯವಾಗಿ ಸಾಂಜೊವೇಸೆಯಿಂದ. ಇಟಲಿಯಲ್ಲಿ ವೈನಿಗೆ ಹಣ್ಣಿಗಿಂತ ಊರು ದೊಡ್ಡದು. ಕಿಯಾಂತಿಯ ಎಲ್ಲೆ ಎಲ್ಲಿಂದ ಎಲ್ಲಿಗೆ ಎಂದು 1716ರಲ್ಲೇ ಅಲ್ಲಿನ ದೊರೆ ಮೂರನೇ ಕೊಸಿಮೊ ಗೆರೆ ಎಳೆದಿದ್ದ. ಊರಿನ ಹೆಸರನ್ನು ಕಾಯುವ ದೇಶವ್ಯಾಪಿ ಕಾನೂನು 1963ರಲ್ಲಿ ಬಂತು.

ನಮ್ಮ ಸಿರಾ, ಮಧುಗಿರಿ, ಪಾವಗಡದ ಹಳ್ಳದ ದಂಡೆಗಳಲ್ಲಿ ಹೆಂಡ ಕೊಡುವ ಈಚಲು ನಿಂತಿದೆ. ಅದರ ಹೆಸರಿಗೆ ಊರಿನ ಗೌರವ ಅಂಟಲಿಲ್ಲ, ಗಾದೆಯ ಅಪವಾದ ಅಂಟಿತು: ಈಚಲು ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡ ಕುಡಿದಂತೆಯೇ. ಕಲಬೆರಕೆಯ ಕಾಟವೂ ಇತ್ತು, ಸುಳ್ಳಲ್ಲ. 2004ರಲ್ಲಿ ಈ ಸೀಮೆಯ ಹೆಂಡದಂಗಡಿ ಮುಚ್ಚಿತು, 2007ರಲ್ಲಿ ಸಾರಾಯಿಯೂ ಹೋಯಿತು. ಅದೇ 2007ರಲ್ಲಿ ಕರ್ನಾಟಕ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು. ಒಂದು ಕೈ ಮಡಕೆ ಒಡೆಯಿತು, ಇನ್ನೊಂದು ಕೈ ಗಾಜಿನ ಲೋಟ ನೀಡಿತು. ಈಗ ಹಂಪಿಯ ಬೆಟ್ಟಗಳ ಕಡೆ ಕೃಷ್ಮಾ ತೋಟದಲ್ಲಿ ಸಾಂಜೊವೇಸೆ ಬೆಳೆಯುತ್ತದೆ. ಕನ್ನಡದ ಮಾತು ಕಿವಿಗೆ ಬೀಳುವ ಸೊಲ್ಲಾಪುರ ಜಿಲ್ಲೆಯ ಅಕ್ಲೂಜಿನಲ್ಲಿ ಇಟಲಿಯವರೂ ನಮ್ಮವರೂ ಕೂಡಿ ವೈನರಿ ಕಟ್ಟಿದ್ದಾರೆ. ಹೆಸರು ಫ್ರಾತೆಲ್ಲಿ, ಅಣ್ಣತಮ್ಮಂದಿರು ಎಂದರ್ಥ.

ಅಣ್ಣತಮ್ಮಂದಿರ ಲೆಕ್ಕ ನೆಲದೊಳಗೂ ಇದೆ. ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕದ ಬಳ್ಳಿಗಳ ಜೊತೆ ಫಿಲೊಕ್ಸೆರಾ ಎಂಬ ಬೇರುಹೇನು ಯುರೋಪಿಗೆ ಬಂದು ತೋಟತೋಟವನ್ನೇ ಒಣಗಿಸಿತು. ಉಪಾಯವೂ ಅಮೆರಿಕದಿಂದಲೇ ಬಂತು: ಆ ಹೇನನ್ನು ತಡೆದುಕೊಳ್ಳಬಲ್ಲ ಅಲ್ಲಿನ ಕಾಡುಬಳ್ಳಿಯ ಬೇರಿಗೆ ಯುರೋಪಿನ ಕಡ್ಡಿ ಕಸಿ ಕಟ್ಟುವುದು. ಅಂದಿನಿಂದ ಕುಲೀನ ಸಾಂಜೊವೇಸೆ ಬಹುಪಾಲು ನಿಂತಿರುವುದು ಪಂಕ್ತಿಗೆ ಸಲ್ಲದ ಇಸಬೆಲ್ಲಾಳ ದಾಯಾದಿಗಳ ಬೇರಿನ ಮೇಲೆ. ವಿಜಯಪುರದ ರೈತರೂ ಡಾಗ್ರಿಜ್ ಎಂಬ ಅಮೆರಿಕದ ಬೇರಿಗೇ ಥಾಮ್ಸನ್ ದ್ರಾಕ್ಷಿಯ ಕಸಿ ಕಟ್ಟುತ್ತಾರೆ. ಸೀಸೆಗೆ ಅಂಟಿಸಿದ ಚೀಟಿಯಲ್ಲಿ ಊರಿನ ಹೆಸರಿರುತ್ತದೆ, ಹಣ್ಣಿನ ಹೆಸರಿರುತ್ತದೆ, ಇಸವಿಯೂ ಇರುತ್ತದೆ. ಬೇರಿನ ಹೆಸರು ಮಾತ್ರ ಇರುವುದಿಲ್ಲ.